ಫೋಲ್ಡರ್ ತುಂಬ ಫೈಲು: ಎಲ್ಲವನ್ನೂ ಒಟ್ಟಿಗೆ ಓದಿಸುವ ಪುಟ್ಟ ಪ್ರೋಗ್ರಾಂ

ಒಂದೇ ನಮೂನೆಯ ಮೂವತ್ತು ಫೈಲುಗಳು ಒಂದು ಫೋಲ್ಡರ್‌ನಲ್ಲಿವೆ. ದಿನಕ್ಕೊಂದರಂತೆ ಬಂದ ಲೆಕ್ಕವೋ, ಯಾವುದೋ ಯಂತ್ರ ತಾನೇ ಬರೆದಿಟ್ಟ ಅಳತೆಯೋ ಇರಬಹುದು. ಎಲ್ಲ ಸೇರಿ ಒಂದೇ ಪಟ್ಟಿ ಆಗಬೇಕು. ಒಂದೊಂದನ್ನೇ ತೆರೆದು, ಕಾಪಿ ಮಾಡಿ, ಇನ್ನೊಂದರ ಕೆಳಗೆ ಪೇಸ್ಟ್ ಮಾಡುತ್ತ ಕೂತರೆ ಹನ್ನೆರಡನೇ ಫೈಲಿಗೆ ಬರುವಷ್ಟರಲ್ಲಿ ಹನ್ನೊಂದನೆಯದನ್ನು ಹಾಕಿದ್ದೆನಾ ಇಲ್ಲವಾ ಅನ್ನೋ ಅನುಮಾನ ಶುರುವಾಗುತ್ತದೆ. ಪೈಥಾನ್‌ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಹತ್ತು ಸಾಲು ಸಾಕು. ಆದರೆ ಫೈಲು ಸೇರಿಸುವುದು ಸುಲಭದ ಭಾಗ. ಎಲ್ಲವೂ ಸೇರಿತಾ, ಸರಿಯಾಗಿ ಸೇರಿತಾ ಅಂತ ನೋಡುವುದರಲ್ಲೇ ನಿಜವಾದ ಕೆಲಸ ಇರುವುದು.

ಮೊದಲು ಜಾಗ ಮಾಡಿಕೊಳ್ಳಿ

ಒಂದು ಫೋಲ್ಡರ್, ಅದರೊಳಗೆ ಇನ್ನೆರಡು. ಒಂದರ ಹೆಸರು ‘ಬಂದದ್ದು’, ಇನ್ನೊಂದರದು ‘ಸಿದ್ಧ’ ಅಂತಿರಲಿ. ಮೂಲ ಫೈಲುಗಳೆಲ್ಲ ಮೊದಲನೆಯದಕ್ಕೆ, ಪ್ರೋಗ್ರಾಂ ಬರೆಯುವ ಹೊಸ ಫೈಲು ಎರಡನೆಯದಕ್ಕೆ. ಸುಮ್ನೆ ಶಿಸ್ತಿಗೆ ಹೇಳುತ್ತಿಲ್ಲ. ಎರಡನ್ನೂ ಒಂದೇ ಕಡೆ ಇಟ್ಟರೆ ನಾಳೆ ಮತ್ತೆ ಓಡಿಸಿದಾಗ ಪ್ರೋಗ್ರಾಂ ನಿನ್ನೆಯ ಒಟ್ಟುಪಟ್ಟಿಯನ್ನೂ ಇನ್ನೊಂದು ಫೈಲು ಅಂದುಕೊಂಡು ನುಂಗುತ್ತದೆ. ಮೊತ್ತ ಎರಡು ಪಟ್ಟಾಗುತ್ತದೆ, ಎರರ್ ಮಾತ್ರ ಬರುವುದಿಲ್ಲ.

ಪೈಥಾನ್ ಜೊತೆ ಪಾಂಡಾಸ್ ಅನ್ನೋ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಬೇಕು. ಟರ್ಮಿನಲ್‌ನಲ್ಲಿ ‘ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಅಂತ ಕೊಟ್ಟರೆ ಬಂದು ಕೂರುತ್ತದೆ. 2008ರಲ್ಲಿ ವೆಸ್ ಮೆಕಿನ್ನಿ ಶುರುಮಾಡಿದ ಲೈಬ್ರರಿ ಇದು, ಪಟ್ಟಿಯ ರೂಪದ ಡೇಟಾ ಕೆಲಸಕ್ಕೆ ಇವತ್ತು ಜಾಸ್ತಿ ಜನ ಇದನ್ನೇ ಹಿಡಿಯುತ್ತಾರೆ.

ಫೈಲುಗಳನ್ನು ಹುಡುಕುವ ಸಾಲು

ಫೋಲ್ಡರ್ ಒಳಗೆ ಏನಿದೆ ಅಂತ ನೋಡಲು ಪೈಥಾನ್‌ನಲ್ಲೇ ಇರುವ ಪಾತ್‌ಲಿಬ್ ಸಾಕು. ಅದರ ಗ್ಲೋಬ್ ಫಂಕ್ಷನ್‌ಗೆ ನಕ್ಷತ್ರ ಚಿಹ್ನೆ, ಚುಕ್ಕಿ, ಸಿಎಸ್‌ವಿ ಅಂತ ಕೊಡಿ. ಹೆಸರು ಏನೇ ಇರಲಿ, ಕೊನೆಯಲ್ಲಿ ಸಿಎಸ್‌ವಿ ಇರುವ ಫೈಲನ್ನೆಲ್ಲ ತಾ ಅಂತ ಅದರ ಅರ್ಥ. ಸಿಎಸ್‌ವಿ ಅಂದರೆ ಖಾನೆಗಳ ನಡುವೆ ಅಲ್ಪವಿರಾಮ ಹಾಕಿ ಬರೆದ ಸಾದಾ ಪಠ್ಯದ ಪಟ್ಟಿ. ಒಳಗಿನ ಫೋಲ್ಡರ್‌ಗಳನ್ನೂ ಜಾಲಾಡಬೇಕಿದ್ದರೆ ಗ್ಲೋಬ್ ಬದಲು ಆರ್‌ಗ್ಲೋಬ್.

ವಿಂಡೋಸ್‌ನಲ್ಲಿ ಕೆಲಸ ಮಾಡುವವರು ಇಲ್ಲಿ ಒಮ್ಮೆ ನಿಲ್ಲಿ. ವಿಳಾಸದಲ್ಲಿ ಬರುವ ಬ್ಯಾಕ್‌ಸ್ಲ್ಯಾಷ್ ಪೈಥಾನ್‌ಗೆ ಬೇರೆಯದೇ ಸೂಚನೆ. ಅದರ ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ಎನ್ ಬಂದರೆ ‘ಹೊಸ ಸಾಲಿಗೆ ಹೋಗು’ ಅಂತ ಅದು ಓದಿಕೊಳ್ಳುತ್ತದೆ, ಹಾಗಾಗಿ ‘ನ್ಯೂ’ ಅಂತ ಹೆಸರಿಟ್ಟ ಫೋಲ್ಡರ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ವಿಳಾಸದ ಉದ್ಧರಣ ಚಿಹ್ನೆಗೆ ಮುಂಚೆ ಒಂದು ಆರ್ ಹಾಕಿಬಿಡಿ, ಇಲ್ಲವೇ ಎಲ್ಲ ಕಡೆ ಮುಂದಕ್ಕೆ ವಾಲಿದ ಸ್ಲ್ಯಾಷ್ ಬಳಸಿ, ವಿಂಡೋಸ್‌ನಲ್ಲೂ ಅದು ನಡೆಯುತ್ತದೆ. ಇನ್ನೊಂದು ವಿಷಯ: ವಿಳಾಸ ತಪ್ಪಿದ್ದರೆ ಗ್ಲೋಬ್ ‘ಅಂಥ ಫೋಲ್ಡರೇ ಇಲ್ಲ’ ಅಂತ ಹೇಳದೆ ಖಾಲಿ ಕೈಯಲ್ಲಿ ವಾಪಸ್ ಬರುತ್ತದೆ. ಸಿಕ್ಕ ಫೈಲುಗಳ ಸಂಖ್ಯೆಯನ್ನು ಪ್ರಿಂಟ್ ಮಾಡಿ ನೋಡಿಯೇ ಮುಂದೆ ಹೋಗಿ.

ಸಿಕ್ಕ ಫೈಲುಗಳು ಯಾವ ಕ್ರಮದಲ್ಲಿ ಬರುತ್ತವೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಒಂಥರ, ಪಕ್ಕದವರದರಲ್ಲಿ ಇನ್ನೊಂಥರ. ಅದಕ್ಕೇ ಇಡೀ ಸಾಲನ್ನು ಸಾರ್ಟೆಡ್ ಒಳಗೆ ಹಾಕಬೇಕು. ಅದೂ ಅಕ್ಷರದ ಲೆಕ್ಕದಲ್ಲೇ ಜೋಡಿಸುವುದರಿಂದ ವರದಿ1, ವರದಿ10, ವರದಿ11 ಆದಮೇಲೆ ವರದಿ2 ಬರುತ್ತದೆ. ಹೆಸರಿಡುವಾಗಲೇ 01, 02 ಅಂತಲೋ, ವರ್ಷ ಮೊದಲು ಬರುವಂತೆ 2025-03-07 ಅಂತಲೋ ಇಟ್ಟರೆ ಈ ತಕರಾರೇ ಇಲ್ಲ.

ಓದುವ ಸುತ್ತು

ಈಗ ಫಾರ್ ಲೂಪ್, ಅಂದರೆ ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮಾಡಿಸುವ ಸುತ್ತು. ಲೂಪ್‌ಗೆ ಮುಂಚೆ ಒಂದು ಖಾಲಿ ಲಿಸ್ಟ್ ಮಾಡಿಕೊಳ್ಳಿ. ಪ್ರತಿ ಫೈಲಿಗೂ ಮೂರೇ ಕೆಲಸ. ರೀಡ್ ಸಿಎಸ್‌ವಿ ಫಂಕ್ಷನ್‌ನಿಂದ ಓದಿ, ‘ಮೂಲ’ ಅನ್ನೋ ಹೊಸ ಕಾಲಂಗೆ ಆ ಫೈಲಿನ ಹೆಸರು ತುಂಬಿ, ಆಮೇಲೆ ಲಿಸ್ಟ್‌ಗೆ ಸೇರಿಸಿ. ನಡುವಿನ ಆ ಕೆಲಸವನ್ನು ದಯವಿಟ್ಟು ಬಿಡಬೇಡಿ. ಮುಂದೆ ಯಾವುದೋ ಸಾಲಿನಲ್ಲಿ ವಿಚಿತ್ರ ಅಂಕಿ ಕಂಡರೆ ಯಾವ ಫೈಲಿನಿಂದ ಬಂತು ಅಂತ ಹೇಳುವುದು ಆ ಕಾಲಂ ಒಂದೇ.

ಲೂಪ್ ಮುಗಿದ ಮೇಲೆ, ಹೊರಗೆ, ಒಂದೇ ಒಂದು ಸಲ ಕಾನ್‌ಕ್ಯಾಟ್, ಲಿಸ್ಟ್‌ನಲ್ಲಿರುವುದನ್ನೆಲ್ಲ ಒಂದರ ಕೆಳಗೊಂದು ಜೋಡಿಸುವ ಫಂಕ್ಷನ್. ‘ಇಗ್ನೋರ್ ಇಂಡೆಕ್ಸ್’ ಅನ್ನು ಟ್ರೂ ಮಾಡಿದರೆ ಸಾಲುಗಳ ಕ್ರಮಸಂಖ್ಯೆ ಮೊದಲಿಂದ ಕೊನೆತನಕ ಹೊಸದಾಗಿ ಬರುತ್ತದೆ. ಲೂಪ್ ಒಳಗೇ ಪ್ರತಿ ಸಲ ಸೇರಿಸುತ್ತ ಹೋದರೆ ಆಗಲ್ವಾ ಅಂದರೆ ಆಗುತ್ತದೆ. ಆದರೆ ಪ್ರತಿ ಸಲವೂ ಅಲ್ಲಿಯವರೆಗಿನ ಡೇಟಾ ಪೂರ್ತಿ ಹೊಸದಾಗಿ ನಕಲಾಗುತ್ತದೆ, ಹೊಸಬನೊಬ್ಬ ಬಂದಾಗಲೆಲ್ಲ ಮಲಗಿದವರನ್ನೆಲ್ಲ ಎಬ್ಬಿಸಿ ಮತ್ತೆ ಚಾಪೆ ಹಾಸಿದ ಹಾಗೆ. ಫೈಲುಗಳು ನೂರಾರು ಇದ್ದರೆ ಕಾಯುವುದೇ ಕೆಲಸ. ಹಳೆಯ ಪಾಠಗಳಲ್ಲಿ ಡೇಟಾಫ್ರೇಮ್‌ಗೇ (ಪಾಂಡಾಸ್ ಡೇಟಾ ಇಟ್ಟುಕೊಳ್ಳುವ ಪಟ್ಟಿಗೇ) ಅಪೆಂಡ್ ಮಾಡುವ ದಾರಿ ಇನ್ನೂ ಕಾಣಿಸುತ್ತದೆ. 2023ರಲ್ಲಿ ಬಂದ ಪಾಂಡಾಸ್ 2.0ರಲ್ಲಿ ಅದನ್ನು ತೆಗೆದುಹಾಕಿದ್ದಾರೆ, ನಕಲು ಮಾಡಿಕೊಂಡರೆ ಎರರ್ ಗ್ಯಾರಂಟಿ. ಮಾಮೂಲಿ ಲಿಸ್ಟ್‌ನ ಅಪೆಂಡ್ ಬೇರೆ, ಅದು ಚೆನ್ನಾಗಿಯೇ ಇದೆ.

ಸದ್ದಿಲ್ಲದೆ ಕೆಡುವುದು

00457 ಅನ್ನೋ ಕೋಡ್ ಇದ್ದರೆ ಪಾಂಡಾಸ್ ಅದನ್ನು ಸಂಖ್ಯೆ ಅಂದುಕೊಂಡು 457 ಮಾಡುತ್ತದೆ. ಅದೇ ಕಾಲಂನಲ್ಲಿ ಎಲ್ಲೋ ಒಂದು ಖಾನೆ ಖಾಲಿ ಇದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 457.0 ಆಗುತ್ತದೆ. ಫೋನ್ ನಂಬರ್, ನೋಂದಣಿ ಸಂಖ್ಯೆ, ಇಂಥವನ್ನು ನಾವು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ ಅಲ್ವಾ? ಓದುವಾಗಲೇ ಡಿಟೈಪ್ (ಕಾಲಂನಲ್ಲಿರುವುದು ಯಾವ ಬಗೆ ಅನ್ನೋ ಸೂಚನೆ) ಕೊಟ್ಟು ಅವು ಬರೀ ಪಠ್ಯ ಅಂತ ಹೇಳಿಬಿಡಿ.

ಕಾಲಂ ಹೆಸರುಗಳ ಆಟ ಬೇರೆಯೇ. ಒಂದು ಫೈಲಿನಲ್ಲಿ ‘ದಿನಾಂಕ’, ಇನ್ನೊಂದರಲ್ಲಿ ‘ದಿನಾಂಕ’ ಆದಮೇಲೆ ಕಣ್ಣಿಗೆ ಕಾಣದ ಒಂದು ಸ್ಪೇಸ್. ನಮಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಅಲ್ಲ. ಕಾನ್‌ಕ್ಯಾಟ್ ತಕರಾರು ಮಾಡದೆ ಎರಡು ಕಾಲಂ ಮಾಡುತ್ತದೆ, ಪ್ರತಿಯೊಂದರಲ್ಲೂ ಒಂದಿಷ್ಟು ಖಾನೆ ಖಾಲಿ. ಓದಿದ ತಕ್ಷಣ ಎಲ್ಲ ಹೆಸರಿಗೂ ಸ್ಟ್ರಿಪ್ ಹಾಕಿದರೆ ಆ ಸ್ಪೇಸ್ ಹೋಗುತ್ತದೆ. ಕೊನೆಗೆ ಕಾಲಂಗಳ ಪಟ್ಟಿಯನ್ನೂ ಪ್ರಿಂಟ್ ಮಾಡಿ. ಎಂಟು ಇರಬೇಕಾದಲ್ಲಿ ಒಂಬತ್ತು ಕಂಡರೆ ಅಲ್ಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಆಗಿ ‘ಯೂನಿಕೋಡ್ ಡಿಕೋಡ್ ಎರರ್’ ಬಂದರೆ ಗಾಬರಿ ಬೇಡ, ಕೂಗಿ ಹೇಳುವ ಎರರ್ ಒಳ್ಳೆಯದೇ. ಆ ಫೈಲು ಯುಟಿಎಫ್-8 ಅನ್ನೋ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಕಂಪ್ಯೂಟರ್ ಬರೆದಿಡುವ ರೀತಿ) ಉಳಿಸಿದ್ದಲ್ಲ ಅಂತ ಅರ್ಥ. ಅದನ್ನು ತೆರೆದು ಯುಟಿಎಫ್-8 ಆಯ್ಕೆಯಲ್ಲಿ ಮತ್ತೆ ಸೇವ್ ಮಾಡಿದರೆ ಆಯಿತು. ಉಲ್ಟಾ ಕಡೆಯಿಂದಲೂ ಒಂದು ತೊಂದರೆ ಇದೆ. ನೀವು ಬರೆದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆ ಕಂಡರೆ ಎನ್‌ಕೋಡಿಂಗ್ ಅನ್ನು ‘ಯುಟಿಎಫ್-8-ಸಿಗ್’ ಮಾಡಿ ಮತ್ತೆ ಬರೆಸಿ.

ಮೂಲ ಫೈಲುಗಳೇ ಎಕ್ಸೆಲ್‌ನವಾದರೆ ರೀಡ್ ಎಕ್ಸೆಲ್ ಬಳಸಿ, ಓಪನ್‌ಪೈಎಕ್ಸ್‌ಎಲ್ ಅನ್ನೂ ಇನ್‌ಸ್ಟಾಲ್ ಮಾಡಿ. ಬೇರೆ ಹೇಳದಿದ್ದರೆ ರೀಡ್ ಎಕ್ಸೆಲ್ ಮೊದಲ ಶೀಟ್ ಮಾತ್ರ ಓದುತ್ತದೆ. ಯಾವುದಾದರೂ ಫೈಲು ತೆರೆದೇ ಇದ್ದರೆ ಟಿಲ್ಡ್ (~) ಮತ್ತು ಡಾಲರ್ ಚಿಹ್ನೆಯಿಂದ ಶುರುವಾಗುವ ಒಂದು ಅಡಗಿದ ಫೈಲೂ ಅಲ್ಲಿರುತ್ತದೆ. ಗ್ಲೋಬ್ ಅದನ್ನೂ ಎತ್ತಿಕೊಂಡು ಬರುತ್ತದೆ, ಎಕ್ಸೆಲ್ ಮುಚ್ಚಿ ಓಡಿಸಿ.

ಎಣಿಸಿ

ಲೂಪ್ ಒಳಗೆ ಪ್ರತಿ ಫೈಲಿನ ಹೆಸರು, ಅದರ ಸಾಲುಗಳ ಸಂಖ್ಯೆ ಪ್ರಿಂಟ್ ಆಗಲಿ. ಆ ಸಂಖ್ಯೆಗಳ ಮೊತ್ತ ಮತ್ತು ಒಟ್ಟುಪಟ್ಟಿಯ ಸಾಲುಗಳು ಒಂದೇ ಇರಬೇಕು. ಆಮೇಲೆ ಒಟ್ಟುಪಟ್ಟಿಯನ್ನು ‘ಸಿದ್ಧ’ ಫೋಲ್ಡರ್‌ಗೆ ಉಳಿಸಿ, ಆ ಫೈಲನ್ನು ಇನ್ನೊಮ್ಮೆ ಓದಿಸಿ ಅಲ್ಲೂ ಅಷ್ಟೇ ಇದೆಯಾ ನೋಡಿ. ಅತಿಯಾಯ್ತು ಅನ್ನಿಸಬಹುದು. ಆದರೆ ಎಣಿಸದಿದ್ದರೆ ಏನಾಗುತ್ತದೆ ನೋಡಿ: 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಲ್ಯಾಬ್‌ಗಳಿಂದ ಬಂದ ಸಿಎಸ್‌ವಿ ಫೈಲುಗಳನ್ನು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬುತ್ತಿತ್ತು. ಆ ನಮೂನೆಯಲ್ಲಿ ಒಂದು ಶೀಟಿಗೆ 65,536 ಸಾಲು ಅಷ್ಟೇ. ಹೆಚ್ಚಾದದ್ದು ಬಿದ್ದುಹೋಯಿತು, ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರಲೇ ಇಲ್ಲ, ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು.

ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್ ನಮೂನೆಗೂ ಮಿತಿ ಇದೆ, ಶೀಟಿಗೆ 10,48,576 ಸಾಲು. ನಿಮ್ಮ ಒಟ್ಟುಪಟ್ಟಿ ಅದನ್ನು ದಾಟುವ ಹಾಗಿದ್ದರೆ ಸಿಎಸ್‌ವಿಯಾಗಿಯೇ ಬಿಡಿ, ಇಲ್ಲವೇ ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ಗೆ ಹಾಕಿ. ಅಂಥ ಸಿಎಸ್‌ವಿಯನ್ನು ‘ಒಂದ್ಸಲ ನೋಡೋಣ’ ಅಂತ ಎಕ್ಸೆಲ್‌ನಲ್ಲಿ ತೆರೆದರೂ ಸೇವ್ ಬಟನ್ ಒತ್ತಬೇಡಿ. ಶೀಟಿನಲ್ಲಿ ಎಷ್ಟು ಸಾಲು ಹಿಡಿಸಿತೋ ಅಷ್ಟೇ ಫೈಲಿನಲ್ಲಿ ಉಳಿಯುತ್ತದೆ.