ಪೆನ್ ಡ್ರೈವ್ ತುಂಬಾ ಶಾರ್ಟ್‌ಕಟ್: ಮನೆ ಕಂಪ್ಯೂಟರಿನಿಂದ ವೈರಸ್ ಬೇರುಸಹಿತ ಕೀಳುವುದು ಹೇಗೆ

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್ ಡ್ರೈವನ್ನು ಮನೆಯ ಕಂಪ್ಯೂಟರಿಗೆ ಹಾಕುತ್ತೀರಿ. ಫೋಲ್ಡರುಗಳೆಲ್ಲ ಅದೇ ಹೆಸರಲ್ಲಿ ಹಾಗೇ ಇವೆ. ಆದರೆ ಪ್ರತಿ ಐಕಾನಿನ ಎಡ ಮೂಲೆಯಲ್ಲೊಂದು ಪುಟ್ಟ ಬಾಗಿದ ಬಾಣ, ಸೈಜ್ ನೋಡಿದರೆ ಒಂದೆರಡು ಕೆಬಿ. ಅಷ್ಟು ಕಂಡರೆ ಸಾಕು, ಕೈ ಹಿಡಿದುಕೊಳ್ಳಿ. ಡಬಲ್ ಕ್ಲಿಕ್ ಮಾಡಬೇಡಿ, ಗಾಬರಿಯಲ್ಲಿ ಫಾರ್ಮ್ಯಾಟೂ ಮಾಡಬೇಡಿ. ನಿಮ್ಮ ಫೈಲುಗಳು ಎಲ್ಲೂ ಹೋಗಿಲ್ಲ, ಕಣ್ಣಿಗೆ ಕಾಣದಂತೆ ಅಡಗಿಸಿಟ್ಟಿದ್ದಾರೆ ಅಷ್ಟೆ.

ಆ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು ‘ಟಾರ್ಗೆಟ್’ ಎಂಬ ಸಾಲನ್ನು ಓದಿ. ಅಲ್ಲಿ ನಿಮ್ಮ ಫೋಲ್ಡರಿನ ವಿಳಾಸದ ಬದಲು ಸಿಎಂಡಿ ಅಥವಾ ಡಬ್ಲ್ಯೂಸ್ಕ್ರಿಪ್ಟ್ ಎಂಬ ಹೆಸರು, ಅದರ ಹಿಂದೆ ಡಾಟ್ ವಿಬಿಎಸ್ ಇಲ್ಲವೇ ಡಾಟ್ ಜೆಎಸ್ ಎಂದು ಮುಗಿಯುವ ಯಾವುದೋ ಫೈಲಿನ ಹೆಸರು ಇರುತ್ತದೆ. ಕ್ಲಿಕ್ ಮಾಡಿದರೆ ಮೊದಲು ಆ ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಬರೆದಿಟ್ಟ ಪುಟ್ಟ ಫೈಲ್, ಓಡುತ್ತದೆ, ಬೆನ್ನಲ್ಲೇ ನಿಜವಾದ ಫೋಲ್ಡರೂ ತೆರೆದುಕೊಳ್ಳುತ್ತದೆ. ಹೀಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಅಷ್ಟರಲ್ಲಿ ಅದು ನಿಮ್ಮ ಕಂಪ್ಯೂಟರಿನ ಆಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿಗೆ ತನ್ನ ನಕಲು ಇಟ್ಟು, ಮುಂದೆ ಹಾಕುವ ಪ್ರತಿ ಪೆನ್ ಡ್ರೈವಿಗಾಗಿ ಕಾದು ಕೂತಿರುತ್ತದೆ. ವಿಂಡೋಸ್ 7ರಿಂದ ಈಚೆಗೆ ಪೆನ್ ಡ್ರೈವಿನಲ್ಲಿರುವ ಪ್ರೋಗ್ರಾಂ ತಾನೇ ತಾನಾಗಿ ಓಡುವುದು ನಿಂತಿದೆ. ಅದಕ್ಕೇ ನಿಮ್ಮ ಕೈಯಿಂದಲೇ ಕ್ಲಿಕ್ ಮಾಡಿಸುವ ಈ ದಾರಿ.

ಈಗಾಗಲೇ ಕ್ಲಿಕ್ ಮಾಡಿಬಿಟ್ಟಿದ್ದರೆ ಮುಂದಿನದೆಲ್ಲ ನಿಮಗೆ ಬೇಕು. ಪೆನ್ ಡ್ರೈವ್ ಮೂಲಕವಲ್ಲದೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನಿಂದಲೋ ಮೇಲ್ ಅಟ್ಯಾಚ್‌ಮೆಂಟಿನಿಂದಲೋ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಂ) ಬಂದಿದ್ದರೂ ಕ್ರಮ ಇದೇ. ‘ಅಳಿಸಿದೆ, ಮತ್ತೆ ಬಂತು’ ಎಂದು ಬಹಳ ಜನ ಸೋತು ಕೂರುತ್ತಾರೆ. ಫೈಲನ್ನು ಅಳಿಸಿ, ಕಂಪ್ಯೂಟರ್ ಆನ್ ಆದಾಗಲೆಲ್ಲ ಅದನ್ನು ಎಬ್ಬಿಸುವವನನ್ನು ಹಾಗೇ ಬಿಟ್ಟರೆ ಆಗುವುದು ಹಾಗೆಯೇ. ಮೊದಲು ಓಡುತ್ತಿರುವುದನ್ನು ನಿಲ್ಲಿಸಬೇಕು, ಆಮೇಲೆ ಎಬ್ಬಿಸುವವನನ್ನು ಹಿಡಿಯಬೇಕು, ಸ್ಕ್ಯಾನ್ ಅದಾದ ಮೇಲೆ, ಪೆನ್ ಡ್ರೈವ್ ಕಟ್ಟಕಡೆಗೆ.

ನಿಲ್ಲಿಸುವುದು

ಪೆನ್ ಡ್ರೈವ್ ಕೀಳಿ. ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಅದನ್ನೂ ಕೀಳಿ. ಸ್ಪೈವೇರ್ ನಿಮ್ಮ ಮಾಹಿತಿ ಸಾಗಿಸುವುದೂ, ಅಳಿಸಿದ ಭಾಗವನ್ನು ಮತ್ತೆ ಇಳಿಸಿಕೊಳ್ಳುವುದೂ ಇಂಟರ್ನೆಟ್ ಮೂಲಕವೇ. ಕೆಲಸ ಮುಗಿಯುವ ತನಕ ಈ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡಬೇಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ‘ಡೀಟೇಲ್ಸ್’ಗೆ ಹೋಗಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಲೆಕ್ಟ್ ಕಾಲಮ್ಸ್’ನಲ್ಲಿ ‘ಕಮಾಂಡ್ ಲೈನ್’ಗೆ ಟಿಕ್ ಹಾಕಿ. ಈಗ ಯಾವ ಪ್ರೋಗ್ರಾಂ ಯಾವ ಫೈಲನ್ನು ಓಡಿಸುತ್ತಿದೆ ಎಂಬುದು ಪೂರ್ತಿ ಕಾಣುತ್ತದೆ. ಡಬ್ಲ್ಯೂಸ್ಕ್ರಿಪ್ಟ್ ಎಂಬುದು ವಿಂಡೋಸಿನದ್ದೇ ಪ್ರೋಗ್ರಾಂ, ಅದನ್ನು ಅಳಿಸಬಾರದು. ತಪ್ಪಿತಸ್ಥ ಅದರ ಪಕ್ಕದಲ್ಲಿ ಬರೆದಿರುವ ಫೈಲ್. ಆ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಬಳಿಕ ‘ಎಂಡ್ ಟಾಸ್ಕ್’ ಕೊಡಿ.

ನಿಲ್ಲಿಸಿದ ಕೂಡಲೇ ಮತ್ತೆ ಏಳುತ್ತಿದ್ದರೆ, ಅತ್ಯಗತ್ಯವಾದುದನ್ನಷ್ಟೇ ಓಡಿಸಿ ವಿಂಡೋಸ್ ಏಳುವ ಸೇಫ್ ಮೋಡ್ ಬೇಕು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ. ಕೆಲವು ಲ್ಯಾಪ್‌ಟಾಪುಗಳು ಇಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ 48 ಅಂಕಿಗಳ ಕೀ ಕೇಳಿ ನಿಂತುಬಿಡುತ್ತವೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ಫೋನಿನಿಂದ ಮೊದಲೇ ನೋಡಿಕೊಂಡಿರಿ.

ಎಬ್ಬಿಸುವವನನ್ನು ಹಿಡಿಯುವುದು

ಇದೇ ಮುಖ್ಯ ಕೆಲಸ, ಅವಸರ ಮಾಡಬೇಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಶೆಲ್, ಕೋಲನ್, ಸ್ಟಾರ್ಟಪ್ ಎಂದು ನಡುವೆ ಜಾಗ ಬಿಡದೆ ಟೈಪ್ ಮಾಡಿದರೆ ಸ್ಟಾರ್ಟಪ್ ಫೋಲ್ಡರ್ ತೆರೆಯುತ್ತದೆ. ಅಲ್ಲಿ ನೀವು ಇಟ್ಟಿರದ ಶಾರ್ಟ್‌ಕಟ್ಟೋ ಸ್ಕ್ರಿಪ್ಟೋ ಇದ್ದರೆ ಅಳಿಸಿ. ಆಮೇಲೆ, ನಿಗದಿತ ಹೊತ್ತಿಗೆ ಪ್ರೋಗ್ರಾಂಗಳನ್ನು ಓಡಿಸುವ ಟಾಸ್ಕ್ ಶೆಡ್ಯೂಲರ್ ತೆರೆಯಿರಿ. ಅಲ್ಲಿನ ಹೆಸರುಗಳನ್ನು ನಂಬಬೇಡಿ, ‘ಅಪ್‌ಡೇಟ್’ ಎಂಬ ಹೆಸರಿಟ್ಟುಕೊಂಡು ಕೂರುವುದು ಇವುಗಳ ಹಳೇ ಚಾಳಿ. ಪ್ರತಿಯೊಂದರ ‘ಆಕ್ಷನ್ಸ್’ ನೋಡಿ. ಡಬ್ಲ್ಯೂಸ್ಕ್ರಿಪ್ಟ್, ಎಂಎಸ್‌ಎಚ್‌ಟಿಎ ಅಥವಾ ಪವರ್‌ಶೆಲ್ (ಮೂರೂ ಸ್ಕ್ರಿಪ್ಟ್ ಓಡಿಸುವ ವಿಂಡೋಸಿನ ಪ್ರೋಗ್ರಾಂಗಳು) ಎಂದಿದ್ದು, ಮುಂದೆ ಆಪ್‌ಡೇಟಾ ಒಳಗಿನ ವಿಳಾಸವಿದ್ದರೆ ಅನುಮಾನ ಗಟ್ಟಿ. ಆದರೆ ಆಪ್‌ಡೇಟಾದಲ್ಲಿ ಇರುವುದೆಲ್ಲ ಕೆಟ್ಟದ್ದಲ್ಲ. ಒನ್‌ಡ್ರೈವ್, ಝೂಮ್ ಕೂಡ ಅಲ್ಲಿಂದ ಓಡುವುದುಂಟು.

ಇವೆಲ್ಲ ಜಾಗಗಳ ಜೊತೆ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯನ್ನೂ ಒಂದೇ ಕಡೆ ತೋರಿಸುವ ಉಚಿತ ಸಲಕರಣೆ ಮೈಕ್ರೋಸಾಫ್ಟ್‌ನ ಆಟೋರನ್ಸ್. ಇದೊಂದನ್ನು ಕಲಿತರೆ ಅರ್ಧ ಯುದ್ಧ ಗೆದ್ದಂತೆ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತನ್ನಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿ. ಪಟ್ಟಿ ಚಿಕ್ಕದಾಗುತ್ತದೆ. ಗುಲಾಬಿ ಬಣ್ಣದ ಸಾಲು ಎಂದರೆ ತಯಾರಕರ ಗುರುತು ಇಲ್ಲ. ಹಳದಿ ಎಂದರೆ ಆ ಫೈಲೇ ಈಗ ಇಲ್ಲ, ಬರೀ ಉಳಿದ ಕೊಂಡಿ. ಚೀಟಿಯಲ್ಲಿ ಬರೆದ ವಿಳಾಸವನ್ನು ಇಲ್ಲಿ ಹುಡುಕಿ. ಸಿಕ್ಕಿದ್ದನ್ನು ಡಿಲೀಟ್ ಮಾಡುವ ಬದಲು ಟಿಕ್ ಮಾತ್ರ ತೆಗೆಯಿರಿ, ತಪ್ಪಾಗಿದ್ದರೆ ಮತ್ತೆ ಹಾಕಬಹುದು. ರೀಸ್ಟಾರ್ಟ್ ಮಾಡಿ ನೋಡಿ, ಅದು ಏಳದಿದ್ದರೆ ಆಗ ಸಾಲನ್ನೂ ಫೈಲನ್ನೂ ಅಳಿಸಿ.

ಸ್ಕ್ಯಾನ್

ಸ್ಕ್ಯಾನ್ ಮಾಡುವ ಮುಂಚೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಎಕ್ಸ್‌ಕ್ಲೂಷನ್ಸ್ ತೆರೆದು ನೋಡಿ. ‘ಇಲ್ಲಿ ನೋಡಬೇಡ’ ಎಂದು ವಿಂಡೋಸಿನದ್ದೇ ಆ್ಯಂಟಿವೈರಸ್ ಆದ ಡಿಫೆಂಡರಿಗೆ ಹೇಳುವ ಪಟ್ಟಿ ಅದು. ಎಷ್ಟೋ ಮಾಲ್‌ವೇರುಗಳು (ವೈರಸ್, ಸ್ಪೈವೇರಿನಂಥ ಕೆಟ್ಟ ಪ್ರೋಗ್ರಾಂಗಳು) ಇಡೀ ಸಿ ಡ್ರೈವನ್ನೇ ಅದರಲ್ಲಿ ಸೇರಿಸಿಬಿಡುತ್ತವೆ. ಆಮೇಲೆ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ‘ಏನೂ ಇಲ್ಲ’ ಎಂದೇ ಉತ್ತರ. ನೀವು ಸೇರಿಸದಿದ್ದುದನ್ನೆಲ್ಲ ತೆಗೆಯಿರಿ.

ಇಂಟರ್ನೆಟ್ ಹಾಕಿ ಡಿಫೆಂಡರ್ ಅಪ್‌ಡೇಟ್ ಮಾಡಿ. ಅಪ್‌ಡೇಟ್ ಆಗಲು ಒಪ್ಪದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಂಪ್ಯೂಟರ್ ಮೂಲಕ ಹಾಯಿಸುವ ವ್ಯವಸ್ಥೆ) ಆನ್ ಆಗಿದೆಯೇ ನೋಡಿ. ನೀವು ಹಾಕಿರದಿದ್ದರೆ ಆಫ್ ಮಾಡಿ. ಮೊದಲು ಫುಲ್ ಸ್ಕ್ಯಾನ್, ಆಮೇಲೆ ಆಫ್‌ಲೈನ್ ಸ್ಕ್ಯಾನ್. ಎರಡನೆಯದು ವಿಂಡೋಸ್ ಏಳುವ ಮೊದಲೇ, ಸುಮಾರು 15 ನಿಮಿಷ ನಡೆಯುತ್ತದೆ. ಬಚ್ಚಿಟ್ಟುಕೊಳ್ಳಬಲ್ಲ ಮಾಲ್‌ವೇರಿಗೆ ಆಗ ಎದ್ದು ಕೂರಲು ಅವಕಾಶವಿಲ್ಲ. ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಸಾಕು. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸಲಕರಣೆಗಳಿವೆ. ಸದಾ ಕಾವಲಿರುವ ಎರಡು ಆ್ಯಂಟಿವೈರಸ್‌ಗಳನ್ನು ಮಾತ್ರ ಒಟ್ಟಿಗೆ ಹಾಕಬೇಡಿ. ಒಂದು ಇನ್ನೊಂದಕ್ಕೆ ಅಡ್ಡ ಬಂದು ಕಂಪ್ಯೂಟರ್ ತೆವಳುತ್ತದೆ.

ಬಲಗಡೆ ಕೆಳಗೆ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ’ ಎಂದು ಪದೇ ಪದೇ ಬರುವ ಚೀಟಿಗಳು ಬಹುತೇಕ ವೈರಸ್ಸೇ ಅಲ್ಲ. ಯಾವುದೋ ತಾಣಕ್ಕೆ ಹಿಂದೆ ‘ಅಲೋ’ ಒತ್ತಿದ್ದರ ಫಲ. ಕ್ರೋಮಿನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ನಲ್ಲಿ ಆ ತಾಣವನ್ನು ತೆಗೆದರೆ ನಿಲ್ಲುತ್ತದೆ. ಅದರಲ್ಲಿ ತೋರಿಸುವ ನಂಬರಿಗೆ ಎಂದೂ ಫೋನ್ ಮಾಡಬೇಡಿ. ಗೊತ್ತಿಲ್ಲದ ಎಕ್ಸ್‌ಟೆನ್ಷನ್‌ಗಳನ್ನೂ ತೆಗೆದುಹಾಕಿ.

ಪೆನ್ ಡ್ರೈವಿನ ಫೈಲುಗಳು

ಕಂಪ್ಯೂಟರ್ ಶುದ್ಧವಾದ ಮೇಲೆ ಪೆನ್ ಡ್ರೈವ್ ಹಾಕಿ, ಏನನ್ನೂ ತೆರೆಯದೆ ಅದಕ್ಕೇ ಒಂದು ಸ್ಕ್ಯಾನ್ ಕೊಡಿ. ಅದಕ್ಕೆ ಸಿಕ್ಕಿರುವ ಅಕ್ಷರ ಇ ಎಂದುಕೊಳ್ಳೋಣ. ಕಮಾಂಡ್ ಪ್ರಾಂಪ್ಟಿನಲ್ಲಿ ಇಂಗ್ಲಿಷಿನ ಇ, ಕೋಲನ್ ಹಾಕಿ ಎಂಟರ್ ಒತ್ತಿ. ಆಮೇಲೆ ಎ, ಟಿ, ಟಿ, ಆರ್, ಐ, ಬಿ ಎಂಬ ಆರು ಅಕ್ಷರ, ಜಾಗ ಬಿಟ್ಟು ಮೈನಸ್ ಎಚ್, ಜಾಗ ಬಿಟ್ಟು ಮೈನಸ್ ಎಸ್, ಜಾಗ ಬಿಟ್ಟು ನಕ್ಷತ್ರ, ಚುಕ್ಕೆ, ನಕ್ಷತ್ರ ಮೂರೂ ಒತ್ತಟ್ಟಿಗೆ, ಜಾಗ ಬಿಟ್ಟು ಸ್ಲ್ಯಾಶ್ ಎಸ್, ಜಾಗ ಬಿಟ್ಟು ಸ್ಲ್ಯಾಶ್ ಡಿ, ಎಂಟರ್. ಸ್ಲ್ಯಾಶ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವುದು. ಬರೀ ಮೈನಸ್ ಎಚ್ ಕೊಟ್ಟರೆ ಅದು ಸಿಸ್ಟಮ್ ಫೈಲ್ ಎಂದು ಹೇಳಿ ವಿಂಡೋಸ್ ಮುಟ್ಟುವುದಿಲ್ಲ, ಎರಡೂ ಒಟ್ಟಿಗೆ ಬೇಕು. ನಡುವೆ ‘ಆಕ್ಸೆಸ್ ಡಿನೈಡ್’ ಎಂದು ಒಂದೆರಡು ಸಾಲು ಬಂದರೆ ಪರವಾಗಿಲ್ಲ.

ಅಡಗಿದ್ದ ಫೋಲ್ಡರುಗಳು ಈಗ ಎಂದಿನಂತೆ ಕಾಣುತ್ತವೆ. ಕಾಣದಿದ್ದರೆ ಹೆಸರೇ ಇಲ್ಲದ ಒಂದು ಫೋಲ್ಡರ್ ಇದೆಯೇ ಹುಡುಕಿ. ಕೆಲವು ವೈರಸ್ಸುಗಳು ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹೆಸರಾಗಿಟ್ಟು ಎಲ್ಲವನ್ನೂ ಅದರೊಳಗೆ ತುಂಬಿರುತ್ತವೆ. ಫೋಟೋ, ಪಿಡಿಎಫ್, ವರ್ಡ್ ಫೈಲುಗಳನ್ನಷ್ಟೇ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಡಾಟ್ ಇಎಕ್ಸ್‌ಇ, ವಿಬಿಎಸ್, ಎಲ್‌ಎನ್‌ಕೆ ಎಂದು ಮುಗಿಯುವುದು ಒಂದೂ ಬೇಡ. ಇದು ಗೊತ್ತಾಗಲು ಫೈಲ್ ಎಕ್ಸ್‌ಪ್ಲೋರರಿನ ವ್ಯೂನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಇರಲಿ. ಈಗ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ.

ಶುದ್ಧ ಮಾಡಿದರೂ ಸಾಲದಾಗ

ಸ್ಯಾಲಿಟಿಯಂಥ ವೈರಸ್ಸುಗಳು ಎಲ್ಲ ಇಎಕ್ಸ್‌ಇ ಫೈಲುಗಳ ಒಳಗೇ ಸೇರಿಕೊಳ್ಳುತ್ತವೆ. ಅಂಥದ್ದು ಸಿಕ್ಕಿದರೆ, ಅಥವಾ ಪಾಸ್‌ವರ್ಡ್ ಕದಿಯುವ ಸ್ಪೈವೇರ್, ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ ಸಿಕ್ಕಿದರೆ ರಿಪೇರಿಯ ಆಸೆ ಬಿಡುವುದೇ ಒಳ್ಳೆಯದು. ಕಡತಗಳನ್ನು ಕಾಪಿ ಮಾಡಿಟ್ಟುಕೊಂಡು, ಬೇರೊಂದು ಶುದ್ಧ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಪೆನ್ ಡ್ರೈವ್ ತಯಾರಿಸಿ ಹೊಸದಾಗಿ ವಿಂಡೋಸ್ ಹಾಕಿ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಆಗಿದ್ದರೆ ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ. ಯುರೋಪೋಲ್ ಮತ್ತಿತರರು 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವಕ್ಕೆ ಉಚಿತ ಕೀಲಿ ಸಿಗುತ್ತದೆ. ಈವತ್ತು ಸಿಗದ್ದು ಮುಂದೆ ಸಿಗಬಹುದು.

ಸ್ಪೈವೇರ್ ಇತ್ತು ಎಂದು ಖಚಿತವಾದರೆ ಪಾಸ್‌ವರ್ಡುಗಳನ್ನು ಅದೇ ದಿನ, ಫೋನಿನಿಂದ ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕು, ಉಳಿದದ್ದು ಆಮೇಲೆ. ಪಾಸ್‌ವರ್ಡ್ ಬದಲಿಸಿದ್ದೊಂದೇ ಸಾಲದು: ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂದು ತಾಣಕ್ಕೆ ಹೇಳಲು ಬ್ರೌಸರಿನಲ್ಲಿ ಉಳಿದಿರುವ ಕುಕೀಗಳನ್ನು ಕದ್ದಿದ್ದರೆ ಕಳ್ಳನಿಗೆ ಪಾಸ್‌ವರ್ಡೇ ಬೇಕಿಲ್ಲ. ಗೂಗಲ್ ಖಾತೆಯ ಸೆಕ್ಯುರಿಟಿಯಲ್ಲಿ ‘ಯುವರ್ ಡಿವೈಸಸ್’, ವಾಟ್ಸಾಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಎಲ್ಲ ಕಡೆಯಿಂದಲೂ ಲಾಗೌಟ್ ಮಾಡಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹಣವನ್ನು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಮುಂದಿನ ಸಲ ಪ್ರಿಂಟಿಗೆ ಹೋಗುವಾಗ ಪಿಡಿಎಫ್ ಒಂದನ್ನೇ ಅಂಗಡಿಗೆ ಮೇಲ್ ಮಾಡಿ. ಪೆನ್ ಡ್ರೈವೇ ಬೇಕೆಂದರೆ ಆ ಕೆಲಸಕ್ಕೇ ಚಿಕ್ಕದೊಂದನ್ನು ಮೀಸಲಿಡಿ, ಮನೆಗೆ ಬಂದ ಮೇಲೆ ಅದರಲ್ಲಿರುವುದನ್ನು ತೆರೆಯಬೇಡಿ, ನೇರ ಫಾರ್ಮ್ಯಾಟ್ ಮಾಡಿ.