ಅಯ್ಯನವರ ಮಕ್ಕಳ ಕೆಲಸಕ್ಕೂ ಕೂಲಿ: ನಾನು ಕೇಳಿ ಪಡೆದ ಬಗೆ

ಸಭಾಪಾಲಕರ, ಅಂದರೆ ನಾವು ಅಯ್ಯನವರು ಅಂತ ಕರೆಯುವ ಚರ್ಚಿನ ಪಾಸ್ಟರ್ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೀಬೋರ್ಡ್ ನುಡಿಸುವವರು ಬಂದಿಲ್ಲವಾ, ಅಯ್ಯನವರ ಮಗಳನ್ನು ಕೂರಿಸಿ. ಸಂಡೇ ಸ್ಕೂಲಿಗೆ ಟೀಚರ್ ಇಲ್ಲವಾ, ಅಯ್ಯನವರ ಮಗ ಇದ್ದಾನೆ. ಆರಾಧನೆಯ ಕ್ರಮವನ್ನು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವುದು, ಪ್ರೊಜೆಕ್ಟರಿಗೆ ಹಾಡು ಹಾಕುವುದು, ಯೂಟ್ಯೂಬ್ ಲೈವ್ ನೋಡಿಕೊಳ್ಳುವುದು, ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಬರೆಯುವುದು, ಯಾರದ್ದೋ ಮದುವೆಗೆ ಬೆಳಗ್ಗೆಯೇ ಹೋಗಿ ಮೈಕ್ ಸೆಟ್ ಮಾಡುವುದು, ಎಲ್ಲವೂ ನಮ್ಮ ಪಾಲಿಗೇ. ನಮ್ಮನ್ನು ಯಾರೂ ಕೇಳುವುದಿಲ್ಲ. "ನಿಮ್ಮ ಮಗಳು ಇದ್ದಾಳಲ್ಲ ಅಯ್ಯನವರೇ" ಅಂತ ಅಪ್ಪನಿಗೆ ಹೇಳುತ್ತಾರೆ, ಅಲ್ಲಿಗೆ ತೀರ್ಮಾನ ಆಯಿತು.

ನಾನು ಹೈಸ್ಕೂಲಿನಿಂದಲೂ ನುಡಿಸುತ್ತಿದ್ದೇನೆ. ಹಾಡು ಅಂದರೆ ನನಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ದುಡ್ಡಿನ ಯೋಚನೆ ಬಹಳ ವರ್ಷ ಬರಲೇ ಇಲ್ಲ. ಅಪ್ಪನಿಗೆ ವರ್ಗವಾಗಿ ಒಂದು ತಾಲ್ಲೂಕು ಊರಿಗೆ ಬಂದೆವು. ಅಲ್ಲಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಹಾಳೆ ಹಂಚಿದರು. ಹಿಂದಿನ ವರ್ಷದ ಖರ್ಚಿನಲ್ಲಿ "ವಾದ್ಯಗಾರರ ಗೌರವಧನ" ಅಂತ ಒಂದು ಸಾಲು ಇತ್ತು. ಪಕ್ಕದ ಊರಿನಿಂದ ಒಬ್ಬರು ಬಂದು ನುಡಿಸುತ್ತಿದ್ದರು, ಅವರಿಗೆ ಭಾನುವಾರಕ್ಕೆ 600 ರೂಪಾಯಿ, ಮೇಲೆ ಬಸ್ ಚಾರ್ಜು. ನಾವು ಬಂದ ವರ್ಷ ಆ ಸಾಲಿನ ಮುಂದೆ ಸೊನ್ನೆ. ಖಜಾಂಚಿ ಅದನ್ನು ಉಳಿತಾಯ ಅಂತ ಖುಷಿಯಿಂದ ಓದಿದರು, ಜನ ತಲೆಯಾಡಿಸಿದರು. ನನಗೆ ಹೊಟ್ಟೆ ಉರಿಯಿತು. ನನ್ನ ದುಡ್ಡು ಹೋಯಿತು ಅಂತ ಮಾತ್ರ ಅಲ್ಲ. ನಾನು ಪುಕ್ಕಟೆ ಸಿಕ್ಕಿದ್ದಕ್ಕೆ ಆ ಮನುಷ್ಯನ ಗಳಿಕೆ ನಿಂತಿತ್ತು, ಅವರಿಗೂ ಮನೆ ಮಕ್ಕಳು ಇದ್ದರು.

ಯಾವುದಕ್ಕೆ ಕೂಲಿ ಕೇಳಬೇಕು, ಯಾವುದಕ್ಕೆ ಬೇಡ ಅಂತ ನಿರ್ಧರಿಸಲು ನನಗೆ ಅಳತೆಗೋಲು ಸಿಕ್ಕಿದ್ದು ಆ ಹಾಳೆಯಲ್ಲೇ. ನಾಳೆ ನಮಗೆ ವರ್ಗವಾದರೆ ಸಭೆ, ಅಂದರೆ ಚರ್ಚು, ಈ ಕೆಲಸಕ್ಕೆ ಇನ್ನೊಬ್ಬರಿಗೆ ದುಡ್ಡು ಕೊಡಬೇಕಾಗುತ್ತದಾ? ಹೌದು ಅಂದರೆ ಅದು ಕೂಲಿ ಇರುವ ಕೆಲಸ. ಕ್ವಾಯರಿನಲ್ಲಿ ಹಾಡುವುದಕ್ಕೆ ಯಾರಿಗೂ ದುಡ್ಡಿಲ್ಲ, ನನಗೂ ಬೇಡ. ಕ್ರಿಸ್ಮಸ್ ಕ್ಯಾರಲ್ ರೌಂಡ್ಸಿಗೆ ಚಳಿಯಲ್ಲಿ ಎಲ್ಲರೂ ಹೋಗುತ್ತಾರೆ, ನಾನೂ ಹೋಗುತ್ತೇನೆ. ವಿಬಿಎಸ್‌ನಲ್ಲಿ, ಅಂದರೆ ರಜೆಯ ಬೈಬಲ್ ಶಾಲೆಯಲ್ಲಿ, ಮಕ್ಕಳಿಗೆ ಪಾಠ ಮಾಡುವುದೂ ಹಾಗೇ. ಆದರೆ ಕೀಬೋರ್ಡಿಗೆ ಕೊಡುತ್ತಿದ್ದರು. ಟೈಪಿಂಗ್ ಡಿಟಿಪಿ ಅಂಗಡಿಗೆ ಹೋಗುತ್ತಿತ್ತು, ಪುಟಕ್ಕೆ ಇಷ್ಟು ಅಂತ. ಲೈವ್‌ಗೆ ಒಬ್ಬ ಹುಡುಗನಿಗೆ ಕೊಡುತ್ತಿದ್ದರು. ಈ ಮೂರನ್ನೇ ಬರೆದುಕೊಂಡೆ, ಪಕ್ಕದಲ್ಲಿ ಅವರೇ ಕೊಟ್ಟಿದ್ದ ಹಳೆಯ ದರ. ನನ್ನ ಕಡೆಯಿಂದ ಒಂದು ರೂಪಾಯಿಯೂ ಜಾಸ್ತಿ ಸೇರಿಸಲಿಲ್ಲ.

ಅಪ್ಪನ ಹತ್ತಿರ ಮಾತಾಡುವುದೇ ಕಷ್ಟ ಆಯಿತು. "ಜನ ಏನು ಅಂದುಕೊಳ್ಳುತ್ತಾರೆ ಪುಟ್ಟಿ, ಅಯ್ಯನವರು ಮನೆಗೆ ಇನ್ನೊಂದು ಸಂಬಳ ಮಾಡಿಕೊಂಡರು ಅಂತಾರೆ" ಅಂದರು. ಆ ಭಯ ಸುಳ್ಳಲ್ಲ. ಅದಕ್ಕೇ ಎರಡು ಮಾತು ಮೊದಲೇ ಹೇಳಿದೆ. ಕಮಿಟಿ ಇದನ್ನು ಚರ್ಚಿಸುವಾಗ ಅಪ್ಪ ಎದ್ದು ಹೊರಗೆ ಹೋಗಬೇಕು, ಉಪಾಧ್ಯಕ್ಷರು ಆ ವಿಷಯ ನಡೆಸಬೇಕು. ದುಡ್ಡು ಬಂದರೆ ನನ್ನ ಹೆಸರಿನ ಬ್ಯಾಂಕ್ ಖಾತೆಗೆ, ವೋಚರಿಗೆ ನನ್ನ ಸಹಿ. ಅಪ್ಪನ ಕೈಗೆ ಕವರಿನಲ್ಲಿ ಹಾಕಿ ಕೊಡುವ ಹಾಗಿಲ್ಲ. ಅಮ್ಮ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಕೇಳಲಿ ಬಿಡಿ" ಅಂದರು, ಅಷ್ಟೇ. ಅಪ್ಪ ಒಪ್ಪಿದರು.

ಆಮೇಲೆ ಕಾರ್ಯದರ್ಶಿ ಅಂಕಲ್‌ಗೆ ಒಂದು ಪುಟದ ಪತ್ರ ಕೊಟ್ಟೆ. ಬಾಯಲ್ಲಿ ಹೇಳಿದರೆ ಇಂಥ ವಿಷಯ ನಗುವಿನಲ್ಲಿ ಹಾರಿಹೋಗುತ್ತದೆ, ಬರೆದು ಕೊಟ್ಟರೆ ಉತ್ತರ ಕೊಡಲೇಬೇಕು. ಕಮಿಟಿಯಲ್ಲಿ ಬಂದ ಮೊದಲ ಮಾತು ನಿರೀಕ್ಷಿಸಿದ್ದೇ: "ದೇವರ ಸೇವೆಗೆ ದುಡ್ಡು ಕೇಳುತ್ತೀಯಾ ಮಗಳೇ?" ನಾನು ಹೇಳಿದೆ, ಅಂಕಲ್, ಹಿಂದಿನವರು ನುಡಿಸಿದ್ದೂ ಇದೇ ದೇವರಿಗೆ ಅಲ್ವಾ, ಅವರಿಗೆ ಕೊಟ್ಟಿರಿ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಅನ್ನುವ ಮಾತು ಬೈಬಲಿನ ಧರ್ಮೋಪದೇಶಕಾಂಡದಲ್ಲೂ ಇದೆ, ಅಪೊಸ್ತಲ ಪೌಲನೂ ಅದನ್ನು ಎತ್ತಿ ಹೇಳುತ್ತಾನೆ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೂ ಇಟ್ಟುಕೊಳ್ಳಬಾರದು ಅಂತ ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ. ಅಯ್ಯನವರ ಮಕ್ಕಳನ್ನು ಬಿಟ್ಟು ಅಂತ ಎಲ್ಲೂ ಇಲ್ಲ.

ಅವತ್ತು ನನಗೆ ಬಲ ಕೊಟ್ಟಿದ್ದು ನಮ್ಮದೇ ಚರಿತ್ರೆ ಕೂಡ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಕ್ರೈಸ್ತರಾಗಿ ಮನೆಯಿಂದಲೂ ಕಸುಬಿನಿಂದಲೂ ಹೊರಬಿದ್ದವರನ್ನು ನೋಡಿ ಸುಮ್ನೆ ಪ್ರಾರ್ಥನೆ ಮಾಡಿ ಕಳಿಸಲಿಲ್ಲ. ನೇಯ್ಗೆ ಕಾರ್ಖಾನೆ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಕೆಲಸ ಕೊಟ್ಟು ಕೂಲಿ ಕೊಟ್ಟರು. ನಮ್ಮಲ್ಲಿ ಎಷ್ಟೋ ಮನೆತನಗಳು ಆ ಕೂಲಿಯಿಂದ ತಲೆ ಎತ್ತಿದವು. ಮಿಷನ್ನಿನ ಕೆಲಸ ಮಾಡಿ ಕೂಲಿ ತೆಗೆದುಕೊಂಡ ನಮ್ಮ ಅಜ್ಜಂದಿರ ಭಕ್ತಿ ಕಡಿಮೆಯಾಯಿತು ಅಂತ ಯಾರಾದರೂ ಹೇಳುತ್ತಾರಾ?

ಕಮಿಟಿಯಲ್ಲಿದ್ದ ನಿವೃತ್ತ ಟೀಚರ್ ಆಂಟಿ ಒಬ್ಬರು ನನ್ನ ಪರ ನಿಂತರು. ಆಡಿಟರ್‌ಗೂ ಫೋನ್ ಮಾಡಿ ಕೇಳಿದರು. ಸಭೆ ನಡೆಸುವವರ ಮನೆಯವರಿಗೆ ದುಡ್ಡು ಕೊಡುವಾಗ ಬೇರೆಯವರಿಗೆ ಕೊಡುವ ದರಕ್ಕಿಂತ ಮೇಲೆ ಹೋಗಬೇಡಿ, ನಿರ್ಣಯ ಬರೆದಿಡಿ, ವೋಚರ್ ಇರಲಿ ಅಂದರಂತೆ. ನನ್ನ ಪತ್ರದಲ್ಲಿ ಹಳೆಯ ದರವೇ ಇದ್ದದ್ದರಿಂದ ಅಲ್ಲಿ ತಕರಾರು ಬರಲಿಲ್ಲ. ಕೀಬೋರ್ಡಿಗೆ 600 ಒಪ್ಪಿದರು, ಟೈಪಿಂಗಿಗೆ ಅಂಗಡಿಯ ದರ. ಲೈವ್ ಕೆಲಸವನ್ನು ನಾನೇ ಬಿಟ್ಟೆ, ಆ ಹುಡುಗನನ್ನೇ ವಾಪಸ್ ಕರೆಸಿದರು. ಕೀಬೋರ್ಡಿನ ಹಿಂದಿನವರನ್ನೂ ತಿಂಗಳಿಗೊಂದು ಭಾನುವಾರ ಕರೆಯಬೇಕು ಅಂತ ನಾನು ಕೇಳಿದ್ದೆ, ಅದೂ ಆಯಿತು. ನನಗೂ ಒಂದು ರಜ.

ದುಡ್ಡಿಗಿಂತ ನನಗೆ ಮುಖ್ಯ ಆಗಿದ್ದು ಇದು: "ಈ ವಾರ ಪರೀಕ್ಷೆ ಇದೆ, ಬರಲ್ಲ" ಅಂತ ಹೇಳುವ ಹಕ್ಕು. ಕೂಲಿ ಗೊತ್ತಾದ ಮೇಲೆ ಕೆಲಸಕ್ಕೊಂದು ಹೊತ್ತು ಗೊತ್ತಾಯಿತು. ಶನಿವಾರ ರಾತ್ರಿ ಹತ್ತಕ್ಕೆ "ಪುಟ್ಟಾ, ಹಾಡು ಬದಲಾಗಿದೆ, ಮತ್ತೆ ಟೈಪ್ ಮಾಡು" ಅನ್ನುವ ಫೋನ್‌ಗಳು ನಿಂತವು. ಅಯ್ಯನವರ ಮಕ್ಕಳಲ್ಲಿ ಎಷ್ಟೋ ಜನ ದೊಡ್ಡವರಾದ ಮೇಲೆ ಸಭೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಅದರಲ್ಲಿ ನನ್ನ ತುಂಬ ಹತ್ತಿರದವರೂ ಇದ್ದಾರೆ. ಅವರು ನಂಬಿಕೆ ಬಿಟ್ಟರು ಅಂತ ದೂರುವ ಮೊದಲು ಅವರ ಭಾನುವಾರಗಳನ್ನು ನಾವು ಹೇಗೆ ಬಳಸಿಕೊಂಡೆವು ಅಂತ ನೋಡಬೇಕು.

ಕೇಳಬೇಕು ಅಂದುಕೊಂಡವರಿಗೆ ಒಂದು ಮಾತು: ವರ್ಗವಾಗಿ ಹೊಸ ಸಭೆಗೆ ಹೋದ ಮೊದಲ ತಿಂಗಳಲ್ಲೇ ಕೇಳಿ. ಹಳೆಯ ಲೆಕ್ಕಪತ್ರ ನೋಡಿ, ಆ ಸಾಲು ಸೊನ್ನೆಯಾಗುವ ಮೊದಲು ಮಾತಾಡಿ. ದಶಮಾಂಶವನ್ನು, ಅಂದರೆ ಗಳಿಕೆಯಲ್ಲಿ ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲನ್ನು, ಅವರೇ ಮುರಿದುಕೊಂಡು ಉಳಿದದ್ದು ಕೊಡುತ್ತೇವೆ ಅಂದರೆ ಒಪ್ಪಬೇಡಿ. ಪೂರ್ತಿ ನಿಮ್ಮ ಕೈಗೆ ಬರಲಿ, ಕಾಣಿಕೆ ನೀವೇ ಹಾಕಿ, ನಾನು ಹಾಗೇ ಮಾಡುತ್ತೇನೆ. ಹದಿನಾಲ್ಕು ದಾಟದ ತಮ್ಮ ತಂಗಿಯರು ಇದ್ದರೆ ದುಡ್ಡಿನ ಮಾತು ಬೇಡ, ಅವರಿಗೆ ಕೆಲಸವನ್ನೇ ಹಚ್ಚಬೇಡಿ ಅಂತ ಹೇಳಿ. ಬೇರೆ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಹಾಡಲಿ.

ಇನ್ನು ಅಮ್ಮನ ವಿಷಯ. ಸ್ತ್ರೀಯರ ಸಂಘ, ಮನೆ ಭೇಟಿ, ಬಂದವರಿಗೆಲ್ಲ ಊಟ. ಮದುವೆಯಾದಾಗಿನಿಂದ ಇದಕ್ಕೆ ಯಾವ ಲೆಕ್ಕಪತ್ರದಲ್ಲೂ ಒಂದು ಸಾಲಿಲ್ಲ, ಅಡುಗೆಯ ಖರ್ಚೂ ಅಪ್ಪನ ಸಂಬಳದಿಂದಲೇ. ಅತಿಥಿಗಳ ಊಟದ ಖರ್ಚನ್ನಾದರೂ ಸಭೆ ಹೊರಬೇಕು ಅಂತ ಮುಂದಿನ ವಾರ್ಷಿಕ ಸಭೆಗೆ ಪತ್ರ ಬರೆಯುತ್ತಿದ್ದೇನೆ. ಈ ಸಲ ಸಹಿ ಅಮ್ಮನದು.