ಹಬ್ಬದ ತಾರೀಕಿನಿಂದಲೇ ಸಂತರ ಕಥೆ ಶುರು ಮಾಡುತ್ತೇನೆ

ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ನಡೆಯುತ್ತದೆ. ಪಾಠಕ್ಕೆ ಮೊದಲು ಒಬ್ಬ ಸಂತರ ಕಥೆ ಹೇಳುವುದು ನನ್ನ ಪಾಲಿನ ಕೆಲಸ. ಸಂತ ಅಂತೋನಿಯವರು ಎಲ್ಲರಿಗೂ ಗೊತ್ತು. ನಾನು ಹುಡುಕುವುದು ಮನೆಗಳಲ್ಲಿ ಪಟ ಕಾಣದ ಸಂತರನ್ನು.

ಹುಟ್ಟಿದ ಊರು, ತಂದೆತಾಯಿ ಎಂದು ಶುರು ಮಾಡಿದರೆ ಎಲ್ಲ ಕಥೆಗಳೂ ಒಂದೇ ಥರ ಕೇಳಿಸುತ್ತವೆ. ಮಕ್ಕಳು ಆಕಳಿಸುತ್ತಾರೆ. ಹಾಗಾಗಿ ನಾನು ಮೊದಲು ಕೇಳುವುದು, ಹಬ್ಬ ಇದೇ ದಿನ ಯಾಕೆ? ಸಾಮಾನ್ಯವಾಗಿ ಅದು ಸಂತರು ತೀರಿಕೊಂಡ ದಿನ. ಸ್ವರ್ಗದಲ್ಲಿ ಅವರು ಹುಟ್ಟಿದ ದಿನ ಎಂದು ಧರ್ಮಸಭೆ ಅದನ್ನು ಆಚರಿಸುತ್ತದೆ. ತಾರೀಕು ಹೊಂದದಿದ್ದರೆ ಇನ್ನೂ ಒಳ್ಳೆಯದು, ಅಲ್ಲೇ ಒಂದು ಕಥೆ ಸಿಗುತ್ತದೆ.

ಸಂತ ಗೊನ್ಸಾಲೊ ಗಾರ್ಸಿಯಾ ಅವರನ್ನೇ ನೋಡಿ. ಮುಂಬೈ ಹತ್ತಿರದ ವಸಾಯಿಯವರು. ತಂದೆ ಪೋರ್ಚುಗೀಸ್, ತಾಯಿ ಕೊಂಕಣದವರು. ಜಪಾನಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಸಭೆಗೆ ಸೇರಿದರು. ಪೂಜೆ ನಡೆಸುವ ಗುರುವಾಗಲಿಲ್ಲ, ಸಭೆಯ ಸಹೋದರನಾಗಿಯೇ ಉಳಿದರು. ಜಪಾನಿ ಭಾಷೆ ಚೆನ್ನಾಗಿ ಬರುತ್ತಿದ್ದುದರಿಂದ ದುಭಾಷಿಯಾಗಿ ಮತ್ತೆ ಅಲ್ಲಿಗೇ ಹೋದರು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಜನರನ್ನು ಶಿಲುಬೆಗೇರಿಸಿ ಕೊಂದರಲ್ಲ, ಅವರಲ್ಲಿ ಇವರೂ ಒಬ್ಬರು. ಚಳಿಗಾಲದಲ್ಲಿ ಕ್ಯೋಟೋದಿಂದ ಅಷ್ಟು ದೂರ ಅವರನ್ನು ಕರೆತಂದಿದ್ದರು. ಗುಂಪಿನಲ್ಲಿ 12 ವರ್ಷದ ಲೂಯಿ ಇಬಾರಾಕಿ ಎಂಬ ಹುಡುಗನೂ ಇದ್ದ. ಇದನ್ನು ಹೇಳಿದಾಗ ಆ ವಯಸ್ಸಿನ ಮಕ್ಕಳು ನೆಟ್ಟಗೆ ಕೂರುತ್ತಾರೆ. ಸತ್ತದ್ದು 5ಕ್ಕೆ, ಹಬ್ಬ ಮಾತ್ರ 6ಕ್ಕೆ. ಏಕೆಂದರೆ 5 ಸಂತ ಆಗಾತಾ ಅವರ ದಿನ.

ಸಂತ ಜೋಸೆಫ್ ವಾಜ್ ನಮ್ಮ ಕರಾವಳಿಯಲ್ಲೇ ಓಡಾಡಿದವರು. ಹುಟ್ಟಿದ್ದು ಗೋವಾದ ಬೆನಾವ್ಲಿಯಲ್ಲಿ, 1651ರಲ್ಲಿ. 1681ರಿಂದ 84ರವರೆಗೆ ಕೆನರಾದಲ್ಲಿ ಸೇವೆ ಮಾಡಿದರು. ಆಮೇಲೆ ಶ್ರೀಲಂಕಾಕ್ಕೆ ಹೋದರು. ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು, ಕಥೋಲಿಕ ಗುರುಗಳಿಗೆ ಅಲ್ಲಿ ಜಾಗವಿರಲಿಲ್ಲ. ವೇಷ ಮರೆಸಿಕೊಂಡು ಜಾಫ್ನಾ ಸೇರಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಎಂದು ಸೆರೆಗೆ ಹಾಕಿದರು. ಅದೇ ಊರಿಗೆ 1697ರಲ್ಲಿ ಸಿಡುಬು ಬಂದಾಗ ರೋಗಿಗಳ ಆರೈಕೆಗೆ ನಿಂತವರು ಇವರೇ. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. ಹಬ್ಬವೂ ಅಂದೇ.

ಮಂಗಳೂರು ಬಳಿಯ ಮುಡಿಪುವಿನಲ್ಲಿ ಇವರಿಂದ ನೀರಿನ ಒರತೆ ಚಿಮ್ಮಿತು ಎಂದು ಜನ ನಂಬುತ್ತಾರೆ. ಇಂಥದ್ದನ್ನು ನಾನು ಬಿಡುವುದಿಲ್ಲ, ಆದರೆ 'ಹಿರಿಯರು ಹೀಗೆ ಹೇಳುತ್ತಾರೆ' ಎಂದು ಸೇರಿಸಿಯೇ ಹೇಳುತ್ತೇನೆ. ದಾಖಲೆ ಬೇರೆ, ಜನರ ನೆನಪು ಬೇರೆ. ಎರಡನ್ನೂ ಕಲಸಿ ಕೊಟ್ಟರೆ ಮಕ್ಕಳು ದೊಡ್ಡವರಾದ ಮೇಲೆ ಎರಡನ್ನೂ ಅನುಮಾನಿಸುತ್ತಾರೆ, ಅಲ್ವಾ?

ಜನವರಿ 14 ಮಾತ್ರ ಸ್ವಲ್ಪ ಕಷ್ಟ. ಅದು ಸಂತ ದೇವಸಹಾಯಂ ಅವರ ದಿನ. ತಿರುವಾಂಕೂರಿನ ಅರಮನೆಯಲ್ಲಿ ಕೆಲಸದಲ್ಲಿದ್ದವರು, 1745ರಲ್ಲಿ ದೀಕ್ಷಾಸ್ನಾನ ಪಡೆದರು, 1752ರಲ್ಲಿ ಗುಂಡೇಟಿಗೆ ಬಲಿಯಾದರು. 2022ರಲ್ಲಿ ಸಂತ ಪದವಿ ಸಿಕ್ಕಿತು. ಭಾರತದ ಗೃಹಸ್ಥರಲ್ಲಿ ಮೊದಲ ಸಂತರು. ಎರಡೇ ದಿನಕ್ಕೆ ವಾಜ್ ಅವರ ಹಬ್ಬ ಬರುತ್ತದೆ. ಇಬ್ಬರನ್ನೂ ಒಂದೇ ತರಗತಿಗೆ ತುರುಕಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ದೇವಸಹಾಯಂ ಅವರ ಕಥೆಯನ್ನು ಹಬ್ಬದ ಹಿಂದಿನ ಭಾನುವಾರ ಹೇಳುತ್ತೇನೆ, ವಾಜ್ ಅವರದ್ದನ್ನು ಮುಂದಿನ ಭಾನುವಾರ.